ಬಾತ್ಮಾ ಮನೆಗೆ ಯಾರೂ ಹೋಗಬಾರದು ಅಂದ ಶೇರ್ಗಾಜಿ

ಅಲ್ಲಯ್ಯಾ, ಹಾಗೆ ಮೂಗು ಮುರೀಬೇಡ. ನೀನು ರಾಜಧಾನಿ ಬಿಷ್ಕೆಕ್‌ನಲ್ಲಿ ಕಾನೂನು ಓದ್ತಿರೋನು. ನಿನ್ನ ಲೆಕ್ಕದಲ್ಲಿ ಕುಡಿದು ಬೀದೀಲಿ ಗಲಾಟೆ ಮಾಡಿದೋನಿಗೆ ದಂಡ ಇದೆ, ಪೊಲೀಸ್ ಇದ್ದಾರೆ, ಒಳಗೆ ಕೂರಿಸೋಕೆ ಕೋಣೆ ಇದೆ. ಅದಕ್ಕೇ ಹೆದರದೋನು 'ನಿಮ್ಮ ಮನೆ ಸಾವಿಗೆ ನಾವು ಬರಲ್ಲ' ಅಂದ್ರೆ ಹೆದರ್ತಾನಾ ತಾತಾ ಅಂತ ನಗ್ತೀಯ. ನಗಪ್ಪ, ನಗೋಕೆ ಇನ್ನೂ ದಂಡ ಹಾಕಿಲ್ಲ. ಆದ್ರೆ ನಮ್ಮ ತಾಶ್-ಕೆಚೂ ಊರಲ್ಲಿ ಯಾರನ್ನಾದ್ರೂ ಹಿಡ್ಕೊಂಡು ಕೇಳು, ಜೈಲು ಬೇಕಾ, ಸತ್ತ ದಿನ ಖಾಲಿ ಅಂಗಳ ಬೇಕಾ ಅಂತ. ಮಾತು ಮುಗಿಯೋಕೆ ಮುಂಚೆ ಹಾಸಿಗೆ ಸುತ್ಕೊಂಡು ಜೈಲಿನ ದಾರಿ ಯಾವ ಕಡೆ ಅಂತ ಕೇಳ್ತಾರೆ.

ಸುಳ್ಳು ಅಂತೀಯಾ? ಸರಿ, ಶೇರ್ಗಾಜಿ ವಿಷಯ ಹೇಳ್ತೀನಿ. ಅದರಲ್ಲಿ ಸುಳ್ಳು ಎಲ್ಲೆಲ್ಲಿದೆ ಅಂತ ನೀನೇ ಆರಿಸ್ಕೋ. ಹಸು ವಿಷಯದಲ್ಲಿ ಒಂಚೂರು ಇದೆ. ಸಾವಿನ ವಿಷಯದಲ್ಲಿ ಇಲ್ಲ.

ಶೇರ್ಗಾಜಿ ಕರೆಂಟ್ ಕಂಬ ಹತ್ತೋ ಕೆಲಸದೋನು. ಮೂಳೆ ಸವೆಯೋ ತನಕ ಹತ್ತಿದ, ಇಳಿದ. ಕಂಬದ ತುದೀಲಿ ಕೂತ್ರೆ ಊರಿನ ಅಂಗಳಗಳೆಲ್ಲ ತಟ್ಟೇಲಿಟ್ಟ ಹಾಗೆ ಕಾಣ್ತವೆ. ಯಾರ ಬೇಲೀನ ಯಾರು ಹಾರಿದ್ರು, ಯಾರ ಮಾಂಸ ಯಾರ ಬೆಕ್ಕು ತಿಂತು, ಅವನಿಗೆ ಎಲ್ಲಾ ಗೊತ್ತಾಗ್ತಿತ್ತು. ಕೆಳಗೆ ಇಳಿದ ಮೇಲೆ ಏನೂ ನೋಡಿಲ್ಲದೋನ ಹಾಗೆ ಟೋಪಿ ಸರಿ ಮಾಡ್ಕೊಂಡು ಮನೆಗೆ ಹೋಗೋನು. ಅದಕ್ಕೇ ಗಡ್ಡ ಬೆಳ್ಳಗಾದ ಕೂಡ್ಲೇ ಜನ ಅವನನ್ನ ಹಿಡಿದು ಬಿಳಿಗಡ್ಡದೋರ, ಅಂದ್ರೆ ಅಕ್ಸಕಾಲರ ಕೋರ್ಟಿಗೆ ಅಧ್ಯಕ್ಷ ಮಾಡಿದ್ರು. ನಿಮ್ಮ ದೊಡ್ಡ ಕೋರ್ಟು ಮೂಸಿಯೂ ನೋಡದ ಜಗಳಗಳು, ಕಾಲುವೆ ನೀರು, ದಾರಿ ತಪ್ಪಿದ ಕುರಿ, ಬಾಯಿಗೆ ಬಂದ ಬೈಗುಳ, ಎಲ್ಲ ಅವನ ಮುಂದೆ ಬರೋವು.

ಒಂದ್ಸಲ ಒಂದು ಹಸು ಮದುವೆ ಹೆಣ್ಣಿನ ಬಿಳೀ ಬಟ್ಟೆ ತಿಂದುಬಿಡ್ತು. ಹಗ್ಗದ ಮೇಲೆ ಒಣಗಾಕಿದ್ರು, ಬೆಳಿಗ್ಗೆ ನೋಡಿದ್ರೆ ಒಂದು ತೋಳು ಮಾತ್ರ ಇತ್ತು. ಎರಡು ಮನೆಯೋರು ಗುದ್ದಲಿ ಎತ್ಕೊಂಡ್ರು. ಶೇರ್ಗಾಜಿ ಗಡ್ಡ ನೀವ್ಕೊಂಡು, "ಬಟ್ಟೆ ಎಲ್ಲಿದೆ? ಹಸು ಹೊಟ್ಟೇಲಿದೆ. ಹೆಣ್ಣಿನ ಬಟ್ಟೆ ಹೆಣ್ಣಿನ ಜೊತೆ ಗಂಡನ ಮನೆಗೆ ಹೋಗ್ಬೇಕಾ ಬೇಡ್ವಾ? ಹಸೂನೂ ಕಳಿಸಿ" ಅಂದ. ಕಳಿಸಿದ್ರು. ಆ ಹಸು ಹಾಲು ಕಾಯಿಸಿದ್ರೆ ಕೆನೆಗೆ ಸುತ್ತ ಕಸೂತಿ ಅಂಚು ಇರ್ತಿತ್ತು. ಇದೇ ಕಣ್ಣಲ್ಲಿ ನೋಡಿದ್ದೀನಿ.

ಹೀಗಿದ್ದೋನು ಅವನು. ನಗಿಸಿ ಕಳಿಸೋನು. ಅವನ ಹೆಂಡತಿ ಕಾಲಿಪಾ ಮಾತ್ರ ನಗ್ತಿರ್ಲಿಲ್ಲ. "ನಿನ್ನ ಕೋರ್ಟಿಗೆ ಒಂದು ದಿನ ಹಸು ಅಲ್ಲ, ಮನುಷ್ಯ ಬರ್ತಾನೆ. ಆಗ ನೋಡ್ತೀನಿ" ಅಂತಿದ್ಳು.

ಬಂದ. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯಿಂದಲೇ ಬಂದ. ಕುಬಾನ್ ಅಂತ, ವಿಧವೆ ಬಾತ್ಮಾಳ ಮಗ. ಹತ್ತು ವರ್ಷ ರಷ್ಯಾದಲ್ಲಿ ಇಟ್ಟಿಗೆ ಹೊತ್ತು ವಾಪಸ್ ಬಂದಿದ್ದ. ಕುಡೀದೇ ಇದ್ರೆ ಬಂಗಾರ, ನಿನ್ನ ಗೇಟು ಮುರಿದಿದ್ರೆ ಕೇಳೋಕೆ ಮುಂಚೆ ರಿಪೇರಿ ಮಾಡಿಟ್ಟು ಹೋಗೋನು. ಕುಡಿದ್ರೆ, ಅವನು ಮುರೀದ ಗೇಟಿಲ್ಲ. ಬಸ್ ಸ್ಟಾಪಿನ ಗಾಜು ಒಡೆದ. ಕಾಲುವೆ ಹಲಗೆ ಎತ್ತಿ ಇಡೀ ಬೀದಿ ಆಲೂಗಡ್ಡೆ ಹೊಲಕ್ಕೆ ನೀರು ನುಗ್ಗಿಸಿದ. ಒಬ್ಬರ ಮನೆ ಪುಣ್ಯದ ಊಟದ ದಿನ ಕುದಿಯೋ ಟೀ ಹಂಡೆ ಸಮೋವಾರನ್ನ ಒದ್ದು ಕೆಡವಿದ. ಮಕ್ಕಳು ಸ್ಕೂಲಿಂದ ಬರೋ ಹೊತ್ತಲ್ಲಿ ಹಳೇ ಕಾರು ಹತ್ತಿ ಮೈದಾನದಲ್ಲಿ ಗಿರಗಿರ ಸುತ್ತೋನು, ತಾಯಂದಿರು ಎದೆ ಬಡ್ಕೊಂಡು ಓಡೋರು. ಪೊಲೀಸಿನೋನು ಬರ್ತಿದ್ದ, ಬರ್ಕೊಳ್ತಿದ್ದ, ಹೋಗ್ತಿದ್ದ. ಕುಬಾನ್ ದಂಡ ಕಟ್ಟಿ, ಕಟ್ಟಿದ ದುಃಖಕ್ಕೆ ಮತ್ತೆ ಕುಡೀತಿದ್ದ.

ಆ ವಸಂತದಲ್ಲಿ, ಇನ್ನೂ ಉಳುಮೆ ಶುರುವಾಗಿರ್ಲಿಲ್ಲ, ಊರೋರೆಲ್ಲ ಸಭೆ ನಡೆಯೋ ಕ್ಲಬ್ಬಿನಲ್ಲಿ ಸೇರಿದ್ರು. ಎಷ್ಟು ಜನ ಅಂದ್ರೆ, ಒಬ್ಬ ಸೀನಿದ್ರೆ ಎದುರು ಗೋಡೆ ಹತ್ರ ಇರೋನ ಟೋಪಿ ಬೀಳೋದು.

ರಾಕಿಯಾ ಟೀಚರ್ ಮೊದಲು ಎದ್ದು ನಿಂತಳು. ಊರಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದೋಳು, ಅವಳು ಎದ್ರೆ ಮುದುಕರೂ ಬೆನ್ನು ನೆಟ್ಟಗೆ ಮಾಡ್ಕೊಳ್ತಾರೆ. "ಪೊಲೀಸ್ ಕರೆದೂ ಕರೆದೂ ಸಾಕಾಯ್ತು. ಬರ್ತಾರೆ, ನಮ್ಮನೇಲೇ ಟೀ ಕುಡೀತಾರೆ, ಹೋಗ್ತಾರೆ. ಶಿಕ್ಷೆ ಆಗ್ತಿರೋದು ಕುಬಾನ್‌ಗಾ ನಂಗಾ?"

"ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ ಮೆರವಣಿಗೆ ಮಾಡ್ರಿ!" ಅಂತ ಹಿಂದಿನಿಂದ ಒಬ್ಬ ಕೂಗಿದ.

"ಕತ್ತೆ ಏನು ತಪ್ಪು ಮಾಡಿದೆಯೋ?"

"ಫೋಟೋ ತೆಗೆದು ಬಸ್ ಸ್ಟಾಪಿನ ಗಾಜಿಗೆ ಅಂಟಿಸಿ."

"ಗಾಜು ಇದ್ರೆ ತಾನೇ ಅಂಟ್ಸೋದು, ಬುದ್ಧಿವಂತ!"

"ಒಂದು ವರ್ಷ ಒಳಗೆ ಹಾಕಿಸಿ."

"ಒಳಗೆ ಹಾಕಿದ್ರೆ ಬಾತ್ಮಾ ಎಜೆಗೆ ಹುಲ್ಲು ಯಾರು ಕುಯ್ದು ಕೊಡ್ತಾರೆ? ನೀನಾ?"

ಎಜೆ ಅಂದ್ರೆ ನಮ್ಮಲ್ಲಿ ಅಕ್ಕ, ನೀನು ಪೇಟೇಲಿದ್ದು ಮರೆತಿರ್ತೀಯ. ಬಾತ್ಮಾ ಎಲ್ಲರಿಗೂ ಎಜೆ. ಮೂಲೇಲಿ ಬಿಳೀ ತಲೆವಸ್ತ್ರ ಕಟ್ಕೊಂಡು ಕೂತಿದ್ಳು. ಮಗನ ಬಗ್ಗೆ ಆಡಿದ ಒಂದೊಂದು ಮಾತಿಗೂ ಹೌದು ಹೌದು ಅನ್ನೋ ಹಾಗೆ ತಲೆ ಆಡಿಸ್ತಿದ್ಳು. ಕುಬಾನ್ ಬಂದಿರ್ಲಿಲ್ಲ.

ಶೇರ್ಗಾಜಿ ಕೈ ಎತ್ತಿ ಗಲಾಟೆ ನಿಲ್ಲಿಸಿದ. "ಹೊಡೆಯೋ ಹಾಗಿಲ್ಲ, ಕಟ್ಟಾಕೋ ಹಾಗಿಲ್ಲ, ಮರ್ಯಾದೆ ತೆಗೆಯೋ ಹಾಗಿಲ್ಲ. ಕಾನೂನಿದೆ. ಆದ್ರೆ ಯಾರ ಮನೆಗೆ ಹೋಗ್ಬೇಕು, ಯಾರ ಮನೆಗೆ ಹೋಗ್ಬಾರ್ದು ಅಂತ ಯಾವ ಕಾನೂನೂ ಹೇಳಲ್ಲ. ಹೀಗೆ ಮಾಡೋಣ. ಎಚ್ಚರಿಕೆ ಕೊಟ್ಟ ಮೇಲೂ ಯಾರು ಕುಡಿದು ಊರಿಗೆ ಕಾಟ ಕೊಡ್ತಾರೋ ಅವರ ಮನೆಗೆ ಊರು ಕಾಲಿಡಬಾರ್ದು. ಮದುವೆಗೂ ಇಲ್ಲ, ಸಾವಿಗೂ ಇಲ್ಲ."

ಗಂಡಸರು ಟೋಪಿ ತೆಗೆದು ಮಂಡಿ ಮೇಲೆ ಇಟ್ಕೊಂಡ್ರು. ಯಾಕಂದ್ರೆ ನಮ್ಮಲ್ಲಿ ಹುಟ್ಟಿದ ದಿನದಿಂದ ಮನುಷ್ಯ ಸೇರಿಸಿಡೋದು ಒಂದೇ, ತನ್ನ ಸಾವಿಗೆ ಬರೋ ಜನಾನ. ನೀನು ನಿಮ್ಮಜ್ಜನ ಮಣ್ಣಿಗೆ ಹೋಗಿದ್ಯಲ್ಲ, ಗಂಡಸರು ದೂರದಿಂದಲೇ 'ಅಯ್ಯೋ ನನ್ನಣ್ಣಾ' ಅಂತ ಕೂಗ್ಕೊಂಡು ಓಡಿ ಬರೋದು, ಸತ್ತೋರ ಗಂಡುಮಕ್ಕಳು ಕೋಲಿಗೆ ಒರಗಿ ನಿಂತು ಅಳೋದು, ಇಡೀ ಕಣಿವೆ ಒಟ್ಟಿಗೆ ಅತ್ತ ಹಾಗೆ ಇರುತ್ತಲ್ಲ? ಆ ಕೂಗು ಕೇಳದ ಅಂಗಳಾನ ಯೋಚನೆ ಮಾಡು.

ಮೊದಲು ಎದ್ದ ಕೈ ಬಾತ್ಮಾಳದು. "ಬರ್ಕೊಳ್ಳಪ್ಪ ಶೇರ್ಗಾಜಿ" ಅಂದ್ಳು. "ಪೊಲೀಸಿಗೆ ಅವನು ಹೆದರಲ್ಲ. ನನ್ನ ಕಣ್ಣೀರಿಗೂ ಹೆದರಲ್ಲ, ಅಭ್ಯಾಸ ಆಗೋಗಿದೆ. ಇದಕ್ಕೆ ಹೆದರ್ತಾನೆ."

ಅವಳ ಹಿಂದೆ ಕೈಗಳ ಕಾಡೇ ಎದ್ದು ನಿಂತಿತು.

ಮನೆಗೆ ಬರ್ತಾ ಶೇರ್ಗಾಜಿ ಕಾಲು ನೆಲದ ಮೇಲೆ ಇರ್ಲಿಲ್ಲ. ಕಾಲಿಪಾ ಹಿಟ್ಟು ನಾದ್ತಿದ್ದೋಳು ಕೇಳಿಸ್ಕೊಂಡು, "ಯಾರಾದ್ರೂ ನಿಜವಾಗ್ಲೂ ಸತ್ರೆ?" ಅಂದ್ಳು.

"ಅಯ್ಯೋ, ಅಲ್ಲೀ ತನಕ ಹೋಗಲ್ವೇ. ಗೇಟಿಗೆ 'ನಾಯಿ ಇದೆ' ಅಂತ ಬೋರ್ಡ್ ಹಾಕಿದ್ರೆ ಸಾಕು, ನಾಯಿ ಸಾಕೋ ಕೆಲಸ ಇಲ್ಲ."

"ನೀನು ಬೋರ್ಡ್ ಹಾಕ್ಲಿಲ್ಲ. ನಾಯೀನೇ ತಂದು ಬಿಟ್ಟೆ" ಅಂದು ಹಿಟ್ಟಿಗೆ ಒಂದು ಗುದ್ದು ಕೊಟ್ಳು.

ಆದ್ರೆ ಬೇಸಿಗೆ ಪೂರ್ತಿ ಶೇರ್ಗಾಜಿ ಮಾತೇ ಗೆದ್ದಿತು. ಊರು ಹೇಗೆ ತಣ್ಣಗಾಯ್ತು ಅಂದ್ರೆ ಹುಂಜಗಳೂ ಕೂಗೋಕೆ ಮುಂಚೆ ಆಕಡೆ ಈಕಡೆ ನೋಡ್ಕೊಳ್ತಿದ್ವು. ಅಂಗಡಿ ವೋಡ್ಕಾ ಬಾಟಲಿಗಳ ಮೇಲೆ ಕೂತ ಧೂಳಲ್ಲಿ ಆಲೂಗಡ್ಡೆ ಬಿತ್ತಿದ್ರೆ ಬೆಳೀತಿತ್ತು. ಕುಬಾನ್ ಬಸ್ ಸ್ಟಾಪಿಗೆ ತಾನೇ ಗಾಜು ಹಾಕ್ದ, ಅಮ್ಮನ ಛಾವಣಿಗೆ ಬಣ್ಣ ಬಳಿದ. ಮುಖ ಮಾತ್ರ ನೋಡೋಕಾಗ್ತಿರ್ಲಿಲ್ಲ, ಹಲ್ಲು ನೋವಿನೋನ ಹಾಗೆ ಇರೋನು. ಕಣಿವೆಯ ಬೇರೆ ಊರೋರು ಬಂದು, "ಅದೇನದು ನಿಮ್ಮ ಕಟ್ಟಳೆ, ನಮಗೂ ಹೇಳಿಕೊಡಿ" ಅಂತ ಶೇರ್ಗಾಜಿ ಮುಂದೆ ಕೂತು ಕುದುರೆ ಹಾಲಿನ ಹುಳಿ ಕುಮಿಸ್ ಕುಡಿದು ಹೋದ್ರು.

ಹುಲ್ಲು ಕುಯ್ಲು ಮುಗಿದ ಮೇಲೆ ಮೇಲಿನೂರಲ್ಲಿ ಕುದುರೆ ಮೇಲೆ ಕೂತು ಸತ್ತ ಮೇಕೆ ಎಳೆದಾಡೋ ಆಟ ನಡೀತು. ನಮ್ಮೂರು ಗೆದ್ದಿತು, ಗೆಲ್ಲಿಸಿದೋನು ಕುಬಾನ್. ಬೇರೆ ಊರಿನೋರು ಹೆಗಲ ಮೇಲೆ ಹೊತ್ತು ಕುಣಿಸಿ ಬಾಯಿಗೆ ಬಾಟಲಿ ಇಟ್ರು. ಅವನು ಬೇಡ ಅಂದ. ಒಂದ್ಸಲ ಅಂದ, ಎರಡನೇ ಸಲಾನೂ ಅಂದ. ಸಂಜೆಗೆ ಹಳೇ ಕಾರು ರಾಕಿಯಾ ಟೀಚರ್ ಬೇಲಿ ಮುರಿದು, ಅವಳ ಹುಲ್ಲಿನ ಬಣವೆಯೊಳಗೆ ಮೂಗು ತೂರಿಸ್ಕೊಂಡು ನಿಂತಿತ್ತು. ಬಣವೆ ಆಚೆ ಅವಳ ಮೊಮ್ಮಗಳು ಗೊಂಬೆ ಇಟ್ಕೊಂಡು ಆಡ್ತಿದ್ಳು. ಹುಲ್ಲು ತಡೀದೇ ಇದ್ದಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡ್ಬೇಡ. ರಾಕಿಯಾ ಅದನ್ನ ಇವತ್ತಿಗೂ ಯೋಚನೆ ಮಾಡ್ತಾಳೆ.

ಮತ್ತೆ ಕ್ಲಬ್ಬು. ಈ ಸಲ ಕುಬಾನ್ ಬಂದಿದ್ದ, ಟೋಪಿ ಕೈಯಲ್ಲಿ ಹಿಂಡ್ತಾ.

"ಏನ್ ಬೇಕಾದ್ರೂ ಮಾಡಿ. ಅದೊಂದು ಬಿಟ್ಟು" ಅಂದ.

"ಅದೇ! ಅದೇ ಆಗ್ಬೇಕು!" ಅಂತ ಊರು ಕೂಗಿತು.

ಶೇರ್ಗಾಜಿ ಗಂಟಲು ಸರಿ ಮಾಡ್ಕೊಂಡ. "ನೋಡಿ, ಬೇಲಿ ಕಟ್ಟಿಕೊಡ್ಲಿ. ಚಳಿಗಾಲ ಪೂರ್ತಿ ಸ್ಕೂಲಿಗೆ ಸೌದೆ ಒಡೀಲಿ, ದಾರಿ ಹಿಮ ತೆಗೀಲಿ..."

"ಅಧ್ಯಕ್ಷರೇ," ಅಂದ್ಳು ರಾಕಿಯಾ. ಯಾವತ್ತೂ ಅವನನ್ನ ಹಾಗೆ ಕರೆದೋಳಲ್ಲ. "ವಸಂತದಲ್ಲಿ ನಾವು ಎತ್ತಿದ್ದು ಕೈಯೋ, ಒಣಗಾಕಿದ್ದ ಕಾಲುಚೀಲವೋ? ಪಕ್ಕದ ಮನೆಯೋನು ಅಂತ ಬಿಡೋದಾದ್ರೆ ಹೇಳಿಬಿಡಿ. ನಾವೂ ಅವರವರ ಪಕ್ಕದ ಮನೆಯೋರನ್ನ ಬಿಡ್ತೀವಿ."

ಎಲ್ಲರೂ ಶೇರ್ಗಾಜಿ ಮುಖ ನೋಡಿದ್ರು. ಶೇರ್ಗಾಜಿ ಬಾತ್ಮಾ ಮುಖ ನೋಡಿದ. ಅವಳು ಬೇಡ್ಕೊಂಡಿದ್ರೆ ಅವನಿಗೊಂದು ದಾರಿ ಸಿಗ್ತಿತ್ತು. ಅವಳು ಬೇಡ್ಲಿಲ್ಲ. ತಲೆವಸ್ತ್ರದ ಗಂಟು ಬಿಗಿ ಮಾಡ್ಕೊಂಡು ಕೂತಿದ್ಳು.

"ಹಾಗಾದ್ರೆ ಅದೇ" ಅಂದ ಶೇರ್ಗಾಜಿ. "ಇವತ್ತಿಂದ ಬಾತ್ಮಾ ಎಜೆ ಮನೆಗೆ ಯಾರೂ ಹೋಗಬಾರದು."

ನೋಡಿದ್ಯಾ, ಬಾಯಿಂದ ಬಂದದ್ದೇ ಹಾಗೆ. ಕುಬಾನ್ ಮನೆಗೆ ಅಂತ ಬರ್ಲಿಲ್ಲ. ಮನೆ ಯಾವತ್ತೂ ಅವಳದೇ ಆಗಿತ್ತಲ್ಲ.

ಆಮೇಲೆ ಅವಳ ಗೇಟು ಯಾರೂ ತೆಗೀಲಿಲ್ಲ. ಸಂಜೆ ಟೀಗೆ ಬರ್ತಿದ್ದ ಮುದುಕಿಯರು ದಾರಿ ಬದಲಾಯಿಸಿದ್ರು. ಕಾಲಿಪಾ ಮಾತ್ರ ಗೋಡೆ ಮೇಲಿಂದ ಸಾರಿನ ಬಟ್ಟಲು ದಾಟಿಸೋಳು. "ನೀನು ಹೇಳಿದ್ದು ಕಾಲಿಡಬಾರ್ದು ಅಂತ. ನಾನು ಇಟ್ಟಿದ್ದು ಬಟ್ಟಲು" ಅಂತಿದ್ಳು. ಶೇರ್ಗಾಜಿ ಆಕಾಶ ನೋಡೋನು, ಅಲ್ಲೇನೋ ತಂತಿ ಕಿತ್ತೋಗಿರೋ ಹಾಗೆ.

ಒಂದು ದಿನ ಬಾತ್ಮಾ ಗೋಡೆ ಆಚೆಯಿಂದ ತಾನೇ ಕರೆದ್ಳು. "ಶೇರ್ಗಾಜಿ, ಮುಖ ಯಾಕೆ ತಿರುಗಿಸ್ಕೊಳ್ತೀಯಪ್ಪ? ಸರಿ ಮಾಡಿದ್ದೀಯ. ಅವತ್ತಿಂದ ಒಂದು ಹನಿ ಮುಟ್ಟಿಲ್ಲ ಅವನು."

"ಚಳಿಗಾಲ ಕಳೀಲಿ ಎಜೆ, ಊರೋರ ಹತ್ರ ಮಾತಾಡಿ ಈ ಕಟ್ಟಳೆ ತೆಗೆಸ್ತೀನಿ."

"ತೆಗೆಸ್ಬೇಡ" ಅಂದ್ಳು ಅವಳು. ಅಷ್ಟೇ ಅಂದಿದ್ದು.

ಆಲೂಗಡ್ಡೆ ಅಗೆಯೋ ಹೊತ್ತಲ್ಲಿ ಬಾತ್ಮಾ ಹೊಲದಲ್ಲೇ, ಅರ್ಧ ತುಂಬಿದ ಬಕೆಟ್ ಪಕ್ಕ ಕೂತೋಳು ಏಳ್ಲಿಲ್ಲ.

ಮಾರನೇ ಬೆಳಿಗ್ಗೆ ಪಕ್ಕದ ಮನೆಯಿಂದ ಒಂದೇ ಒಂದು ಹೆಂಗಸಿನ ಅಳು ಬಂತು. ಘಟ್ಟದ ಆಚೆಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಬಂದಿದ್ಳು, ಅವಳದು. ಜೊತೆಗೆ ಇನ್ನೊಂದು ದನಿ ಸೇರ್ಲಿಲ್ಲ. ಶೇರ್ಗಾಜಿ ಕೊಟ್ಟಿಗೆ ಛಾವಣಿ ಮೇಲೆ ಹುಲ್ಲು ಜೋಡಿಸ್ತಿದ್ದೋನು ಹಾಗೇ ಕೂತುಬಿಟ್ಟ. ಕಂಬದ ಮೇಲೆ ಕೂತ ಹಾಗೇ ಎಲ್ಲ ಕಾಣ್ತಿತ್ತು.

ಕುಬಾನ್ ಶೆಡ್ಡಿಂದ ಅಪ್ಪನ ಕಾಲದ ಯುರ್ತ ಗುಡಾರ ಒಂದೊಂದಾಗಿ ಹೊರಗೆ ಎಳೀತಿದ್ದ. ಸತ್ತೋರನ್ನ ಮಲಗಿಸೋಕೆ ಅಂಗಳದಲ್ಲಿ ಯುರ್ತ ಏಳ್ಬೇಕು, ಅದನ್ನ ಮನೆಯೋರು ಕಟ್ಟಲ್ಲ, ಬಂದೋರು ಕಟ್ತಾರೆ. ಜಾಲರಿ ಗೋಡೆ ಸುತ್ತ ಹಿಡಿಯೋಕೆ ಜನ ಬೇಕು. ಮಧ್ಯೆ ಒಬ್ಬ ಕವಲುಗೋಲಿನಿಂದ ಮೇಲಿನ ಮರದ ಬಳೆ ಎತ್ತಿ ಹಿಡ್ಕೋಬೇಕು, ಸುತ್ತ ನಿಂತೋರು ಬಾಗಿದ ಗಳುಗಳನ್ನ ಅದರ ತೂತಿಗೆ ಸಿಗಿಸ್ಬೇಕು. ಕುಬಾನ್ ಗೋಡೆಯನ್ನೇನೋ ಹೇಗೋ ನಿಲ್ಲಿಸಿ ಕಟ್ಟಿದ. ಆಮೇಲೆ ಬಳೆ ಎತ್ತಿದ. ಎಡಗೈಲಿ ಕೋಲು, ಬಲಗೈಲಿ ಗಳು. ಗಳು ತೂತಿನ ಹತ್ರ ಹೋಗೋ ಹೊತ್ತಿಗೆ ಬಳೆ ವಾಲೋದು. ಬಳೆ ಸರಿ ಮಾಡಿದ್ರೆ ಗಳು ಜಾರೋದು. ಬಿತ್ತು. ಎತ್ತಿದ. ಮತ್ತೆ ಬಿತ್ತು, ಈ ಸಲ ಅವನ ಹೆಗಲ ಮೇಲೆ. ಅವನು ಬೈಲೂ ಇಲ್ಲ, ಅಳ್ಲೂ ಇಲ್ಲ, ಎತ್ತಿದ.

ಬೀದೀಲಿ ಜನ ಸೇರಿದ್ರು. ಇದು ಕೇಳು. ಎಲ್ಲರೂ ಬಂದಿದ್ರು. ಗಂಡಸರು ಒಳ್ಳೇ ಟೋಪಿ ಹಾಕ್ಕೊಂಡು, ಹೆಂಗಸರು ತಲೆವಸ್ತ್ರ ಬದಲಾಯಿಸ್ಕೊಂಡು. ಮನೆಯಿಂದ ಹೊರಟು ಬಂದವರು ಗೇಟಿನ ಹತ್ರ ಬಂದು ನಿಂತುಬಿಟ್ಟಿದ್ರು, ಹಳ್ಳದ ಮುಂದೆ ನಿಂತ ಕುರಿಮಂದೆ ಹಾಗೆ. ಒಳಗೆ ಒಂಟಿ ಅಳು, ಹೊರಗೆ ಇಡೀ ಊರು, ಮಧ್ಯೆ ಚಿಲಕ ಕೂಡ ಹಾಕದ ಗೇಟು.

ಶೇರ್ಗಾಜಿ ಏಣಿ ಇಳಿದು ಬಂದ. ಬಂದ ಕೂಡ್ಲೇ ಮುತ್ತಿಕೊಂಡ್ರು.

"ನೀವು ಹಾಕಿದ್ದು ಅಕ್ಸಕಾಲ್, ನೀವೇ ತೆಗೀರಿ."

"ಇವತ್ತೊಂದು ದಿನ ತೆಗೆದು ನಾಳೆ ಮತ್ತೆ ಹಾಕಿ."

"ಇದೇನು ಅಂಗಡಿ ಬಾಗಿಲೇನೋ, ತೆಗೆದು ಹಾಕೋಕೆ?"

ರಾಕಿಯಾ ಟೀಚರ್ ಕಣ್ಣು ಕೆಂಪಾಗಿತ್ತು. ಬಾತ್ಮಾ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದೋಳು ಅವಳು. "ನಂಗೆ ಸಂಕಟ ಆಗಲ್ಲ ಅಂದ್ಕೊಂಡ್ರಾ?" ಅಂದ್ಳು. "ಆದ್ರೆ ಮೊದಲು ಕೈ ಎತ್ತಿದೋಳು ಅವಳೇ. ಇವತ್ತು ನಾವು ಒಳಗೆ ಹೋದ್ರೆ ಈ ಊರಲ್ಲಿ ಇನ್ಮೇಲೆ ಯಾವ ಶಿಕ್ಷೇಗೂ ಬೆಲೆ ಇರಲ್ಲ. ಮುಂದಿನ ಸಲ ಹುಲ್ಲು ಅಡ್ಡ ಬರದೇ ಇದ್ರೆ ಯಾರನ್ನ ಕೇಳ್ಲಿ ನಾನು?"

ಇದನ್ನ ನೀನು ಸರಿಯಾಗಿ ಕೇಳಿಸ್ಕೋ, ಯಾಕಂದ್ರೆ ಎಲ್ಲರೂ ಕತೆ ಹೇಳುವಾಗ ಇದನ್ನ ನುಂಗಿಬಿಡ್ತಾರೆ. ಅವಳು ಹೇಳಿದ್ದು ಸರಿ ಅಂತಾನೇ ಶೇರ್ಗಾಜಿಗೆ ಅನ್ನಿಸ್ತು. ಆಗ ಒಳಗೆ ಬಳೆ ಮತ್ತೆ ದಡ್ ಅಂತ ಬಿತ್ತು. ಶೇರ್ಗಾಜಿ ಗೇಟು ತಳ್ಳಿದ.

ಪದ್ಧತಿ ಪ್ರಕಾರ 'ಅಯ್ಯೋ ನನ್ನಕ್ಕಾ' ಅಂತ ಕೂಗ್ತಾ ಹೋಗ್ಬೇಕು. ಬಾಯಿ ತೆಗೆದ. ಎಣ್ಣೆ ಕಾಣದ ತಿರುಗಣಿ ಹಾಗೆ ಒಂದು ಸದ್ದು ಬಂತು, ಅಷ್ಟೇ.

ಕುಬಾನ್ ತಿರುಗಿ ನೋಡ್ದ. "ಬರಬೇಡಿ ಅಬಾ" ಅಂದ. ಅಬಾ ಅಂದ್ರೆ ದೊಡ್ಡಪ್ಪ ಅನ್ನೋ ಹಾಗೆ. ಚಿಕ್ಕೋನಿದ್ದಾಗಿಂದ ಹಾಗೇ ಕರೀತಿದ್ದ.

"ಕೋಲು ಕೊಡು ಇಲ್ಲಿ."

"ಬೇಡ ಅಬಾ, ಹೋಗಿ. ಅಮ್ಮ ಹೇಳಿದ್ಳು. 'ನಾನು ಸತ್ತಾಗ ಯಾರೂ ಬರ್ದೇ ಇದ್ರೆ ನೀನು ಕುಡಿಯೋದು ಪೂರ್ತಿ ನಿಲ್ಲಿಸ್ತೀಯ, ಅಲ್ಲೀ ತನಕ ನಿಲ್ಲಿಸಲ್ಲ' ಅಂತ. ನನ್ನನ್ನ ನಾನು ಬಲ್ಲೆ. ನೀವು ಬಂದ್ರೆ ನಾನು ಮತ್ತೆ ಕುಡೀತೀನಿ."

ಶೇರ್ಗಾಜಿ ಅಂಗಳದ ಮಧ್ಯೆ ನಿಂತುಬಿಟ್ಟ. 'ತೆಗೆಸ್ಬೇಡ' ಅಂದಿದ್ದು ಯಾಕೆ ಅಂತ ಆಗ ಅರ್ಥ ಆಯ್ತು. ಅವಳು ತನ್ನ ಸಾವನ್ನೇ ಮಗನಿಗೆ ಔಷಧಿ ಮಾಡಿಟ್ಟು ಹೋಗಿದ್ಳು. ಈಗ ವಾಪಸ್ ಹೋದ್ರೆ ಅವಳ ಮಾತು ಉಳಿಯುತ್ತೆ, ಊರಿನ ಮಾತು ಉಳಿಯುತ್ತೆ, ತನ್ನ ಮಾತೂ ಉಳಿಯುತ್ತೆ. ಇವನೂ ಉಳಿದ್ರೂ ಉಳೀಬಹುದು. ಒಳಗೆ ಆ ಮಗಳು ಒಬ್ಬಳೇ ಗೋಡೆ ಕಡೆ ಮುಖ ಮಾಡ್ಕೊಂಡು ಅಳ್ತಿದ್ಳು, ದನಿ ಒಡೆದು ಹೋಗಿತ್ತು.

"ನಿಮ್ಮಮ್ಮ ಹೇಳಿದ್ದು ನಿಂಗೆ" ಅಂದ ಶೇರ್ಗಾಜಿ. "ನಾನು ಬಂದಿರೋದು ಅವಳಿಗೆ. ಕುಡಿಯೋದಿದ್ರೆ ಆಮೇಲೆ ಕುಡಿ. ಈಗ ಕೋಲು ಕೊಡು."

ಕವಲುಗೋಲು ಕಿತ್ಕೊಂಡು ಬಳೆ ಎತ್ತಿದ. ಬಳೆ ಆಕಾಶದಲ್ಲಿ ಅಲ್ಲಾಡ್ತಿತ್ತು. ಕುಬಾನ್ ಮೊದಲನೇ ಗಳು ಸಿಗಿಸಿದ. ಮೂರನೇದು ಸಿಗಿಸೋ ಹೊತ್ತಿಗೆ ಇನ್ನೊಂದು ಕೈ ಬಂತು, ಕಾಲಿಪಾದು. ಗಂಡಸರ ಕೆಲಸ ಅಂತ ಯಾರೂ ಅನ್ಲಿಲ್ಲ. ಆಮೇಲೆ ಸಮಾಧಿ ಅಗೆಯೋ ಇಬ್ಬರು ಬಂದ್ರು, ಗುದ್ದಲಿ ಹೊತ್ಕೊಂಡೇ. ಬೀದೀಲಿ ಒಬ್ಬ 'ಅಯ್ಯೋ ನನ್ನಕ್ಕಾ' ಅಂತ ಕೂಗ್ದ. ಆ ಕೂಗು ಹಿಡ್ಕೊಂಡು ಅರ್ಧ ಊರು ಒಳಗೆ ನುಗ್ಗಿತು.

ಅರ್ಧ ಅಂದೆ, ಪೂರ್ತಿ ಅನ್ಲಿಲ್ಲ. ಮಿಕ್ಕ ಅರ್ಧ ಟೋಪಿ ಕೆಳಗೆ ಎಳ್ಕೊಂಡು ಮನೆಗೆ ಹೋಯ್ತು. ರಾಕಿಯಾ ಟೀಚರ್ ಒಳಗೂ ಬರ್ಲಿಲ್ಲ, ಮನೆಗೂ ಹೋಗ್ಲಿಲ್ಲ. ಮೂರನೇ ದಿನ ಮಣ್ಣಾಗೋ ತನಕ ದಿನಾ ಬಂದು ಗೇಟಿನ ಹೊರಗೆ ನಿಂತು ಅತ್ತು ಹೋದ್ಳು. ನೀನು ಅವಳನ್ನ ಕಲ್ಲು ಅಂತೀಯೋ ಏನೋ. ನಾನು ಅನ್ನಲ್ಲ.

ಅಮ್ಮನ ನಲವತ್ತನೇ ದಿನ ಕಳೆಯೋ ತನಕ ಕುಬಾನ್ ಬಿಗಿ ಹಿಡ್ಕೊಂಡಿದ್ದ. ಮೊದಲ ದಪ್ಪ ಹಿಮ ಬಿದ್ದ ವಾರ ಅದೇ ಹಳೇ ಕಾರು ಬಂದು ಶೇರ್ಗಾಜಿ ಗೇಟನ್ನೇ ಕಂಬ ಸಮೇತ ಮಲಗಿಸ್ತು. ಹೇಳಿದ ಹಾಗೇ ಮಾಡ್ದ ನೋಡು. ಮಾತಿಗೆ ತಪ್ಪದ ಮನುಷ್ಯ.

ಊರಿಗೆ ಹಬ್ಬ. "ನೋಡಿದ್ರಾ? ತಾಯಿ ಸತ್ತು ಕಲಿಸಿದ ಪಾಠಾನ ಈ ಮುದುಕ ಹೋಗಿ ಅಳಿಸಿ ಬಂದ" ಅಂದ್ರು ಕೆಲವರು. "ಹೋಗದೇ ಇದ್ದಿದ್ರೆ ಅವನು ಕುಡೀತಿರ್ಲಿಲ್ಲ ಅಂತ ಯಾವ ದೇವರು ಬಂದು ಹೇಳಿದ?" ಅಂದ್ರು ಕೆಲವರು. ಗಂಡ ಹೆಂಡ್ತಿ ಈ ವಿಷಯಕ್ಕೆ ಜಗಳ ಆಡ್ಕೊಂಡು ಬೇರೆ ಬೇರೆ ಬಟ್ಟಲಲ್ಲಿ ಉಣ್ಣೋ ಮನೆಗಳಿದ್ವು. ತನ್ನ ಮಾತು ತಾನೇ ಮುರಿದ ಮೇಲೆ ಶೇರ್ಗಾಜಿ ಅಧ್ಯಕ್ಷಗಿರಿ ಬಿಟ್ಟಿದ್ದ. ಆ ಜಾಗದಲ್ಲಿ ರಾಕಿಯಾ ಟೀಚರ್ ಕೂತಿದ್ಳು, ಗಡ್ಡ ಇಲ್ಲದ ಮೊದಲ ಬಿಳಿಗಡ್ಡ.

ಅವಳು ಗೇಟಿನ ವಿಷಯಕ್ಕೆ ಸಭೆ ಕರೆದ್ಳು. ಕುಬಾನ್ ಒಂದು ಕಡೆ, ಶೇರ್ಗಾಜಿ ಇನ್ನೊಂದು ಕಡೆ. ನಷ್ಟ ಆದೋನು ಯಾವ ಶಿಕ್ಷೆ ಕೇಳ್ತಾನೆ ಅಂತ ಮೊದಲು ಕೇಳೋದು ಪದ್ಧತಿ.

"ಶೇರ್ಗಾಜಿ, ನೀವೇ ಹೇಳಿ. ಏನು ಬೇಕು?"

ಶೇರ್ಗಾಜಿ ಎದ್ದ. ಹಿಂದಿನ ಶೇರ್ಗಾಜಿ ಆಗಿದ್ರೆ ನಗಿಸ್ತಿದ್ದ.

"ಗೇಟು ಅವನೇ ಮಾಡಿಕೊಡ್ಲಿ. ಅದು ಹೇಗೂ ಮಾಡ್ತಾನೆ" ಅಂದ. "ಶಿಕ್ಷೆ ಅಂದ್ರೆ, ನಾನು ಸತ್ತ ದಿನ ನನ್ನ ಯುರ್ತದ ಬಳೆ ಇವನು ಎತ್ತಿ ಹಿಡೀಬೇಕು. ಕುಡೀದೇ ಬರ್ಬೇಕು. ಕೈ ನಡುಗಿಸಿ ಬೀಳಿಸಿದ್ರೆ ನನ್ನ ಹೆಂಡತಿ ಮೇಲೆ ಬೀಳುತ್ತೆ, ಅಷ್ಟೇ."

ಯಾರೋ ನಕ್ಕರು, ನಿಲ್ಲಿಸಿದ್ರು. ಕುಬಾನ್ ನೆಲ ನೋಡ್ತಿದ್ದ, ಕುತ್ತಿಗೆ ಕಿವಿ ತನಕ ಕೆಂಪಾಗಿತ್ತು.

"ನೀವು ಸತ್ತ ಮೇಲೆ ಜಾರಿ ಆಗೋ ಶಿಕ್ಷೆಯಿಂದ ಈ ಚಳಿಗಾಲ ನನ್ನ ಮೊಮ್ಮಗಳು ಬೀದೀಲಿ ಆಡಬಹುದಾ?" ಅಂತ ಕೇಳಿದ್ಳು ರಾಕಿಯಾ. ಮೆತ್ತಗೇ ಕೇಳಿದ್ಳು.

"ಗೊತ್ತಿಲ್ಲ ಟೀಚರ್" ಅಂದ ಶೇರ್ಗಾಜಿ. "ನಂಗೆ ಗೊತ್ತಿರೋದು ಇಷ್ಟೇ."

ಕೈ ಎತ್ತಿಸಿದ್ರು. ಎಷ್ಟು ಕೈ ಆಕಡೆ, ಎಷ್ಟು ಈಕಡೆ ಅಂತ ಇವತ್ತಿಗೂ ಜಗಳ ಇದೆ, ಕೆಲವರು ಮೊಣಕೈ ತನಕ ಮಾತ್ರ ಎತ್ತಿದ್ರು. ಕೊನೆಗೆ ರಾಕಿಯಾ ಆ ಶಿಕ್ಷೇನೂ ಬರೆಸಿದ್ಳು, ಅದರ ಕೆಳಗೆ ಕಾರಿನ ಕೀಲಿ ತನ್ನ ಹತ್ರ ಇರ್ಬೇಕು ಅಂತಾನೂ ಬರೆಸಿದ್ಳು. ಕುಬಾನ್ ಆವಾಗಾವಾಗ ಕುಡೀತಾನೆ, ಆವಾಗಾವಾಗ ಇಲ್ಲ. ಕುಡಿದ ಮಾರನೇ ದಿನ ಶೇರ್ಗಾಜಿ ಗೋಡೆ ಹತ್ರ ಬಂದು, "ಅಬಾ, ಹೇಗಿದ್ದೀರಿ?" ಅಂತ ಕೇಳ್ತಾನೆ, ಕೇಳೋ ದನೀಲಿ ಭಯ ಇರುತ್ತೆ. ಶೇರ್ಗಾಜಿ ಇನ್ನೂ ಸತ್ತಿಲ್ಲ. ಹಾಗಾಗಿ ಶಿಕ್ಷೆ ಇನ್ನೂ ಜಾರಿ ಆಗಿಲ್ಲ. ಕೆಮ್ಮಿ ಕೆಮ್ಮಿ ಬದುಕಿದ್ದಾನೆ, ಸಾಯೋಕೂ ಅವನಿಗೀಗ ಯೋಚನೆ.

ಈಗ ಹೇಳು, ಕಾನೂನು ಓದಿದೋನೇ. ರಾಕಿಯಾ ಸರಿಯೋ, ಶೇರ್ಗಾಜಿ ಸರಿಯೋ? ಹಾಂ, ಬಾತ್ಮಾ ಅಂತೀಯಾ? ಅದು ಹೇಗಯ್ಯಾ, ಬಾತ್ಮಾ ಮಾತು ಹಿಡಿದ್ರೆ... ಏನೇ? ಬಂದೆ ಕಣೇ, ಬಂದೆ! ಮಾಂಸ ಆರಿಹೋಗುತ್ತಂತೆ. ಏಳು, ಕೈ ತೊಳ್ಕೋ. ನನ್ನ ಹೆಂಡತಿ ಎರಡನೇ ಸಲ ಕರೆಯೋಳಲ್ಲ.